ಬೆರಳಿಗಿಂತ ಮೊದಲು ಪ್ರಶ್ನೆ

ವಕೀಲರನ್ನು ನಾನು ಮೊದಲು ನೋಡಿದಾಗ ಅವರು ಒಂದು ಬೈಕಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಕೋರ್ಟಿನ ವಕೀಲರಲ್ಲ, ಬೈಕ್ ರಿಪೇರಿಯವರು. ನಮ್ಮ ಯಜಮಾನರು ತೀರಿಕೊಂಡ ಮೇಲೆ, ಈ ವಕೀಲರ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಸೀಟ್ ಕವರ್ ಹೊಲಿಯಲು ಜಾಗ ಕೇಳೋಣವೆಂದು ಹೋಗಿದ್ದೆ. “ಒಂಚೂರು ನಿಲ್ಲಿ ಅಕ್ಕ” ಎಂದು ಹೇಳಿ, ಬೈಕಿನವನ ಕಡೆ ತಿರುಗಿದರು.

“ಹ್ಯಾಂಡಲ್ ಅಲ್ಲಾಡೋದು ಸ್ಪೀಡ್ ಏರುವಾಗ್ಲೋ, ಇಳಿಯುವಾಗ್ಲೋ?”

“ಇಳಿಯುವಾಗ.”

“ಒಬ್ಬರೇ ಇದ್ದಾಗ್ಲೋ, ಹಿಂದೆ ಯಾರಾದ್ರೂ ಕೂತಾಗ್ಲೋ?”

“ಹೆಂಡ್ತಿ ಕೂತಾಗ.”

“ಅವರು ಬೈತಿರುವಾಗ್ಲೋ, ಸುಮ್ನಿದ್ದಾಗ್ಲೋ?”

“ಸುಮ್ನಿದ್ದಿದ್ದು ಯಾವಾಗ ಸ್ವಾಮಿ!”

ನಿಂತವರೆಲ್ಲ ನಕ್ಕರು. ಅವರು ನಗಲಿಲ್ಲ. “ಹಿಂದೆ ಭಾರ ಬಿದ್ದಾಗ ಮಾತ್ರ” ಎನ್ನುತ್ತಾ ಹಿಂದಿನ ಟೈರಿಗೆ ಗಾಳಿ ಹಾಕಿಸಿ ಕಳಿಸಿಬಿಟ್ಟರು, ಸ್ಪ್ಯಾನರ್ ಮುಟ್ಟಲೇ ಇಲ್ಲ. ಹೀಗೆ ಪ್ರಶ್ನೆ ಕೇಳಿ ಕೇಳಿಯೇ ಅವರಿಗೆ ಆ ಹೆಸರು ಬಂದದ್ದು.

ಜಾಗ ಸಿಕ್ಕಿತು. ನನ್ನ ಹೊಲಿಗೆ ಮಿಷನ್ನಿಗೂ ಅವರ ಸ್ಟೂಲಿಗೂ ನಡುವೆ ಒಂದು ಕಿಟಕಿ ಮಾತ್ರ. ಶೆಡ್ಡಿನಲ್ಲಿ ಅವರ ಮಗಳೂ ಇದ್ದಳು. ಎಂಜಿನ್ ಕೆಲಸ ಅವಳದು, ಹ್ಯಾಂಡಲ್ ಮತ್ತು ಮುಂದಿನ ಗಾಲಿ ಅಪ್ಪನದು. ಹ್ಯಾಂಡಲ್ ತಿರುಗುವ ಕುತ್ತಿಗೆಯೊಳಗೆ ಸಣ್ಣ ಗುಂಡುಗಳಿರುತ್ತವೆ, ಅದಕ್ಕೆ ಕೋನ್ ಸೆಟ್ ಅನ್ನುತ್ತಾರೆ. ಅದು ಸಡಿಲವಾಗಿದೆಯೋ ಎಂದು ನೋಡಲು ಅವರು ಮುಂದಿನ ಗಾಲಿಯನ್ನು ನೆಲದಿಂದ ಎತ್ತಿಸಿ, ಒಂದು ಕೈಯಲ್ಲಿ ಹಿಂದೆ ಮುಂದೆ ಎಳೆಯುತ್ತಿದ್ದರು. ಇನ್ನೊಂದು ಕೈಯ ತೋರುಬೆರಳು ಕುತ್ತಿಗೆಯ ಸಂದಿನ ಮೇಲೆ. ಕಣ್ಣು ಮುಚ್ಚಿರುತ್ತಿತ್ತು.

ಏಳು ವರ್ಷ ಹೀಗೇ ನಡೆಯಿತು. ಎಂಟನೇ ವರ್ಷ ಆಸ್ಪತ್ರೆಯ ನರ್ಸಮ್ಮ ಒಬ್ಬಳು ಬಂದಳು. ಸ್ಪೀಡ್ ಅರವತ್ತರಿಂದ ನಲವತ್ತಕ್ಕೆ ಇಳಿಯುವಾಗ ಹ್ಯಾಂಡಲ್ ನಡುಗುತ್ತದೆ ಎಂದಳು. ಇವರು ಪ್ರಶ್ನೆ ಕೇಳಿದರು, ಬೆರಳಿಟ್ಟು ನೋಡಿದರು, ಟೈರ್ ಬದಲಾಯಿಸಿದರು. ನಾಲ್ಕೇ ದಿನಕ್ಕೆ ಅವಳು ಮೊಣಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ವಾಪಸ್ ಬಂದಳು.

“ಅಣ್ಣಾ, ಇಳಿಜಾರಲ್ಲಿ ಬಿದ್ದುಬಿಟ್ಟೆ. ಇನ್ನೂ ನಡುಗ್ತಿದೆ.”

ವಕೀಲರ ಮುಖ ಸಪ್ಪಗಾಯಿತು. ಮತ್ತೆ ಬೆರಳಿಟ್ಟರು. ತೆಗೆದು ಅಂಗಿಗೆ ಒರೆಸಿಕೊಂಡು ಇನ್ನೊಮ್ಮೆ ಇಟ್ಟರು. ಆಮೇಲೆ ಕಿಟಕಿಗೆ ಬಂದು ಮೆಲ್ಲಗೆ ಹೇಳಿದರು.

“ಅಕ್ಕ, ನನ್ನ ಬೆರಳಿಗೆ ಏನೂ ಗೊತ್ತಾಗ್ತಿಲ್ಲ. ಸಕ್ಕರೆ ಕಾಯಿಲೆ. ಆರು ತಿಂಗಳಿಂದ ಹೀಗೇ. ಮಗಳಿಗೆ ಹೇಳಿದ್ರೆ ಮನೇಲಿ ಕೂರಿಸ್ತಾಳೆ.”

“ಆ ಹುಡುಗಿ ಮತ್ತೆ ಬೀಳಬೇಕಾ?” ಎಂದೆ.

ನಾನು ಮಿಷನ್ ಬಿಟ್ಟು ಎದ್ದುಹೋದೆ. ಅವರು ಗಾಲಿ ಎಳೆದರು, ನಾನು ಸಂದಿನ ಮೇಲೆ ಬೆರಳಿಟ್ಟೆ. ದಪ್ಪ ರೆಕ್ಸಿನ್ ಹೊಲಿಯುವಾಗ ಸೂಜಿ ಎಲ್ಲೋ ಒಂದು ಕಡೆ ಲೋಹಕ್ಕೆ ತಾಗುತ್ತದೆ. ಕಿವಿಗೆ ಕೇಳಿಸುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಇದೂ ಹಾಗೇ ಇತ್ತು.

“ಟಕ್ ಅಂತಿದೆ. ಮುಂದೆ ಎಳೆದಾಗ ಒಂದು, ಹಿಂದೆ ತಳ್ಳಿದಾಗ ಒಂದು.”

ಅವರು ನೆಟ್ಟಗೆ ನಿಂತು ಮಗಳನ್ನು ಕರೆದರು. ನರ್ಸಮ್ಮನ ಎದುರಿಗೇ ಹೇಳಿದರು.

“ತಪ್ಪು ನಂದಮ್ಮ. ಟೈರ್ ಸರಿಯಾಗೇ ಇತ್ತು. ಹೋಗಿರೋದು ಕೋನ್ ಸೆಟ್ಟು. ನನ್ನ ಬೆರಳು ಸತ್ತಿವೆ, ಮುಚ್ಚಿಟ್ಟುಕೊಂಡಿದ್ದೆ.”

ಮಗಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. “ಬೆರಳು ಹೋದ್ರೆ ಹೋಗ್ಲಿ ಬಿಡಪ್ಪ. ಬಾಯಿ ಚೆನ್ನಾಗಿದೆಯಲ್ಲ! ನನ್ನ ಬೆರಳು ಸೈಲೆನ್ಸರ್ ತಾಗಿ ಸುಟ್ಟು ಸುಟ್ಟು ಕಲ್ಲಾಗಿವೆ. ಅತ್ತೆ ಬೆರಳೇ ಇರ್ಲಿ.”

ಅವಳು ನನ್ನನ್ನು ಅತ್ತೆ ಎಂದದ್ದು ಅವತ್ತೇ ಮೊದಲು. ಹೊಸ ಕೋನ್ ಸೆಟ್ ಹಾಕಿದಳು. ನರ್ಸಮ್ಮ ದೊಡ್ಡ ರಸ್ತೆಗೆ ಹೋಗಿ ಬಂದು, ಕನ್ನಡಿ ಕೂಡ ಅಲ್ಲಾಡಲಿಲ್ಲ ಎಂದಳು.

ಆಮೇಲಿನ ಮೂರು ವರ್ಷ ಚೆನ್ನಾಗಿ ಕಳೆದವು. ಅವರು ಕೇಳುವುದು, ನಾನು ಬೆರಳಿಡುವುದು, ಮಗಳು ಬಿಗಿ ಮಾಡುವುದು. “ವಕೀಲರದು ಬರೀ ವಾದ, ತೀರ್ಪು ಅಕ್ಕಂದು” ಎಂದು ಗಿರಾಕಿಗಳು ಛೇಡಿಸಿದರೆ ಅವರೂ ನಗುತ್ತಿದ್ದರು.

ಕೊನೆಗೆ ಅವರು ಹಾಸಿಗೆ ಹಿಡಿದರು. ಸಂಜೆ ಶೆಡ್ಡಿನ ಬಾಗಿಲು ಹಾಕಿದ ಮೇಲೆ ನಾನು ದಿನಾ ಅವರ ಮನೆಗೆ ಹೋಗಿ, ಯಾವ ಬೈಕ್ ಬಂತು, ಏನಾಗಿತ್ತು ಎಂದು ಒಂದೂ ಬಿಡದೆ ಹೇಳುತ್ತಿದ್ದೆ. ಒಂದು ಸಂಜೆ ಅಂಚೆಯವನ ಬೈಕಿನ ವಿಷಯ ಹೇಳಿದೆ. ಹ್ಯಾಂಡಲ್ ನಡುಗುತ್ತದೆ ಅಂದ, ಬೆರಳಿಟ್ಟು ನೋಡಿದೆ, ಸಂದು ಗಟ್ಟಿಯಾಗಿತ್ತು, ಏನೂ ಇಲ್ಲ ಅಂತ ಕಳಿಸಿದೆ ಎಂದೆ. ನನಗೆ ಸ್ವಲ್ಪ ಜಂಬವೂ ಇತ್ತು.

ಅವರು ದಿಂಬಿನಿಂದ ತಲೆ ಎತ್ತಿದರು.

“ಹಿಂದಿನ ಪೆಟ್ಟಿಗೇಲಿ ಎಷ್ಟು ಭಾರ ಹೇರ್ತಾನೆ ಅಂತ ಕೇಳಿದ್ರಾ ಅಕ್ಕ?”