ಪಂಚಮಿಯ ದಿನ ಅಗೆದ ಮಣ್ಣು

ಭೂಮಿಯ ಒಳಗೇನಿದೆ ಎಂಬ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ, ಪ್ರತಿ ವರ್ಷವೂ ಮಕ್ಕಳು ಆಕಳಿಸುತ್ತಾರೆ. ಸಿಟ್ಟು ಬಂದರೂ ಅವರದು ತಪ್ಪು ಅನ್ನಲಾರೆ. ಹಾರೂಗೇರಿಯ ನಮ್ಮ ಹೈಸ್ಕೂಲಿನ ಕಿಟಕಿಯಿಂದ ಇಣುಕಿದರೆ ಕಾಣುವುದು ಕಬ್ಬು, ಕಬ್ಬಿನ ಆಚೆ ಮತ್ತೆ ಕಬ್ಬು. ಇಂಥ ಸಪಾಟು ನೆಲದ ಮೇಲೆ ಹುಟ್ಟಿ ಬೆಳೆದವರಿಗೆ ಪರ್ವತ ಅಂದರೆ ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಹೋಗುವಾಗ ಬಸ್ಸಿನಿಂದ ಕಂಡ ಗುಡ್ಡ, ಜ್ವಾಲಾಮುಖಿ ಅಂದರೆ ಮೊಬೈಲಿನಲ್ಲಿ ನೋಡಿದ ಬೆಂಕಿ. ಭೂಕಂಪ ಅಂದರೆ ಪರೀಕ್ಷೆಗೆ ಬರುವ ಮೂರು ಅಂಕದ ಪ್ರಶ್ನೆ.

ನಾನೂ ಬಿಡುವವಳಲ್ಲ. ಅಲಖನೂರದ ಹಾದಿಯಲ್ಲಿ ಒಂದು ಹೊಸ ಬಾವಿ ತೋಡುತ್ತಿದ್ದರು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ದಂಡೆಯಿಂದ ದೂರ ನಿಲ್ಲಿಸಿ, ಎದುರಿನ ಗೋಡೆ ತೋರಿಸಿದೆ. ಮೇಲೆ ಎರೆಮಣ್ಣು, ಅದರ ಕೆಳಗೆ ಕರಿಕಲ್ಲು, ನಡುವೆ ಒಂದು ಕೆಂಪು ಪಟ್ಟಿ, ಅದರ ಕೆಳಗೆ ಮತ್ತೆ ಕರಿಕಲ್ಲು. ಈ ಕರಿಕಲ್ಲೆಲ್ಲ ಒಂದು ಕಾಲಕ್ಕೆ ನೆಲ ಬಿರಿದು ಉಕ್ಕಿ ಹರಿದ ಲಾವಾ ಅಂದೆ. ಒಂದು ಹರಿವು ಆರಿ ಅದರ ಮೇಲೆ ಮಣ್ಣು ಕಟ್ಟಿತು, ಎಷ್ಟೋ ಕಾಲದ ಮೇಲೆ ಇನ್ನೊಂದು ಹರಿವು ಬಂದು ಆ ಮಣ್ಣನ್ನು ಸುಟ್ಟು ಕೆಂಪು ಮಾಡಿತು. ಚಿಕ್ಕೋಡಿಯಿಂದ ಅಥಣಿಯವರೆಗೆ, ಕಾಗವಾಡ ದಾಟಿ ಮಹಾರಾಷ್ಟ್ರದ ಉದ್ದಕ್ಕೂ ಜನ ಮನೆ ಕಟ್ಟಿಕೊಂಡದ್ದು ಆರಿದ ಬೆಂಕಿಯ ಮೇಲೆ. ಮಕ್ಕಳು ಕತ್ತು ಚಾಚಿ ನೋಡಿ, ಬಾವಿಗೆ ನೀರು ಬಿದ್ದಿದೆಯೇ ಎಂದು ಕೇಳಿದರು. ಬಿದ್ದಿರಲಿಲ್ಲ.

ಹಿಮಾಲಯದ ಪಾಠಕ್ಕೆ ಮನೆಯಿಂದ ಹಳೆಯ ಸೀರೆಗಳ ಒಂದು ದಪ್ಪ ಕೌದಿ ಒಯ್ಯುತ್ತೇನೆ. ಮೇಜಿನ ಮೇಲೆ ಹಾಸಿ ಗೋಡೆಯ ಕಡೆಗೆ ಒತ್ತಿದರೆ ಅದು ಮಡಿಕೆ ಮಡಿಕೆಯಾಗಿ ಮೇಲೇಳುತ್ತದೆ. ಭೂಮಿಯ ಮೇಲ್ಪದರ ಒಂದೇ ತುಂಡಲ್ಲ, ಹಲವು ಫಲಕಗಳು. ನಮ್ಮ ಫಲಕ ಉತ್ತರಕ್ಕೆ ಸರಿದು ಏಷ್ಯಾದ ಫಲಕವನ್ನು ನೂಕುತ್ತಿದೆ, ಆ ನೂಕಾಟದಲ್ಲಿ ಎದ್ದ ಮಡಿಕೆಯೇ ಹಿಮಾಲಯ. ಕೌದಿ ಅತ್ತೆ ಹೊಲಿದದ್ದು. ಅದನ್ನು ಶಾಲೆಗೆ ಯಾಕೆ ಹೊತ್ತುಕೊಂಡು ಹೋಗುತ್ತೀ ಎಂದು ಅವರು ಎಂದೂ ಕೇಳಿರಲಿಲ್ಲ.

ಅತ್ತೆ ಅಂದರೆ ನನ್ನ ಗಂಡನ ತಾಯಿ. ಅಲಖನೂರದ ನಮ್ಮ ಮನೆಗೆ ಈಗ ಸ್ಲ್ಯಾಬ್ ಇದೆ. ಹಿಂದಿದ್ದ ಮಣ್ಣಿನ ಮಾಳಿಗೆಯ ಮನೆಯನ್ನು ನಾನು ಕಂಡಿಲ್ಲ. ನಾನು ಸೊಸೆಯಾಗಿ ಬಂದಾಗಲೇ ಅವರು ಒಳಕೋಣೆಯಲ್ಲಿ ಮಲಗುವುದನ್ನು ಬಿಟ್ಟಿದ್ದರು. ಚಳಿಯಿರಲಿ, ಮಳೆಯಿರಲಿ, ಪಡಸಾಲೆಯ ಬಾಗಿಲ ಬಳಿಯೇ ಅವರ ಹಾಸಿಗೆ, ಬಾಗಿಲು ತೆರೆದೇ ಇರಬೇಕು. ಸೊಳ್ಳೆ ಕಡಿಯುತ್ತವೆ, ನಾಯಿ ಒಳಗೆ ಬರುತ್ತದೆ ಎಂದು ನಾನು ಗೊಣಗಿದ್ದುಂಟು. ಆಗ ಗಂಡ ಚುಟುಕಾಗಿ ಹೇಳಿದ. ಅವರಿಗೆ ಹಿರಿಯ ಮಗಳೊಬ್ಬಳಿದ್ದಳು, ಮಹಾರಾಷ್ಟ್ರದ ಲಾತೂರ ಕಡೆ ಕೊಟ್ಟಿದ್ದರು, ಅಲ್ಲಿ ಭೂಕಂಪವಾದಾಗ ಸತ್ತಳು. ಆಗ ಅವನು ಸಣ್ಣವ. ಅಕ್ಕನ ಮುಖ ನೆನಪಿದೆಯೋ ಇಲ್ಲವೋ, ಅದನ್ನು ಹೇಳಲಿಲ್ಲ. ಆ ಮಾತು ಬಂದರೆ ಸಾಕು, ಮನೆಯಲ್ಲಿ ಎಲ್ಲರಿಗೂ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಈ ಸಲ ಜೂನಿನಲ್ಲಿ, ಮಿರಗದ ಮಳೆ ಇನ್ನೇನು ಹಿಡಿಯಬೇಕು ಅನ್ನುವಾಗ ಒಂದು ಮುಂಜಾನೆ ನೆಲ ನಡುಗಿತು. ನಾನು ರೊಟ್ಟಿ ಬಡಿಯುತ್ತಿದ್ದೆ. ಹಲಗೆಯ ಮೇಲಿನ ತಾಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು, ಏನೆಂದು ನೋಡುವಷ್ಟರಲ್ಲಿ ಮುಗಿದೇ ಹೋಯಿತು. ಈ ಕಡೆಯವರಿಗೆ ತಾಟಿನ ಸದ್ದು ಹೊಸದಲ್ಲ. ಬಾವಿ ತೋಡುವಾಗ ಕರಿಕಲ್ಲು ಗುದ್ದಲಿಗೆ ಬಗ್ಗುವುದಿಲ್ಲ, ಕುಳಿ ಕೊರೆದು ಮದ್ದು ತುಂಬಿ ಹಾರಿಸಬೇಕು. ಅದಕ್ಕೆ ಸುರುಂಗ ಅನ್ನುತ್ತಾರೆ. ಸುರುಂಗ ಹಾರಿದಾಗಲೆಲ್ಲ ತಾಟು ಬಡಿಯುತ್ತವೆ, ಹೆಂಗಸರು ಬೈಯುತ್ತಾರೆ. ಆ ದಿನವೂ ಓಣಿಯ ಜನ ಹೊಸ ಬಾವಿಯ ಮಾಲೀಕನ ಮನೆಗೇ ಜಗಳಕ್ಕೆ ಹೋದರು, ಗೋಡೆ ಬಿರುಕು ಬಿಟ್ಟರೆ ಕಟ್ಟಿಸಿಕೊಡುವವರು ಯಾರು ಎಂದು. ಮದ್ದಿನವರು ಈ ವಾರ ಊರಿಗೇ ಬಂದಿಲ್ಲ ಎಂದು ಅವನು ದೇವರ ಆಣೆ ಮಾಡಿ ಹೇಳಿದ. ಯಾರೂ ನಂಬಲಿಲ್ಲ. ಆಮೇಲೆ ಕುಡಚಿಯಿಂದ, ಅಥಣಿಯಿಂದ, ಸಾಂಗಲಿಯ ಬೀಗರಿಂದ ಫೋನು ಬರತೊಡಗಿದವು, ನಿಮ್ಮಲ್ಲೂ ಅಲುಗಿತೇ ಎಂದು. ಅಲ್ಲಿಗೆ ಎಲ್ಲರ ಬಾಯಿ ಬಂದಾಯಿತು. ಬಾವಿಯ ಮಾಲೀಕ ಚುನಾವಣೆ ಗೆದ್ದವನ ಹಾಗೆ ಸಂಜೆಯತನಕ ಓಣಿಯಲ್ಲಿ ತಿರುಗಾಡಿದ.

ಅತ್ತೆ ಮಾತ್ರ ಸುರುಂಗ ಎಂದು ಒಂದು ಗಳಿಗೆಯೂ ಅಂದುಕೊಳ್ಳಲಿಲ್ಲ. ತಾಟು ಬಡಿದ ಕೂಡಲೇ ಅಂಗಳಕ್ಕೆ ಹೋದವರು ಮತ್ತೆ ಒಳಗೆ ಬರಲಿಲ್ಲ. ದನದ ಕೊಟ್ಟಿಗೆಯಾಚೆ, ಬಯಲಿನಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತರು. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ. ಹೆದರಿಕೆ, ಒಂದೆರಡು ದಿನದಲ್ಲಿ ಇಳಿಯುತ್ತದೆ ಅಂದುಕೊಂಡೆವು. ಅಷ್ಟರಲ್ಲಿ ಮಿರಗ ಹಿಡಿಯಿತು. ಗಂಡ ನಾಲ್ಕು ಗಳ ನೆಟ್ಟು ಮೇಲೆ ತಾಡಪತ್ರಿ ಕಟ್ಟಿದ. ಗಾಳಿ ಅದನ್ನು ಹರಿದು ಹಾಕಿತು. ನೆನೆದು ನೆನೆದು ಅತ್ತೆಗೆ ಕೆಮ್ಮು ಶುರುವಾಯಿತು, ಬೆನ್ನಿಗೇ ಜ್ವರ. ರಾಯಬಾಗದ ಡಾಕ್ಟರು ಎದೆ ನೋಡಿ, ಈ ವಯಸ್ಸಿನವರನ್ನು ಹೀಗೆ ಹೊರಗೆ ಬಿಟ್ಟರೆ ಉಳಿಯುವುದಿಲ್ಲ ಎಂದು ನನ್ನನ್ನೇ ಬೈದರು. ಎಲ್ಲ ಬೈಗುಳವೂ ಸೊಸೆಯ ಪಾಲಿಗೇ, ಅದು ಇರಲಿ. ಮಗ ಕೈಹಿಡಿದು ಎಳೆದರೆ ಕೊಟ್ಟಿಗೆಯ ಕಂಬವನ್ನು ತಬ್ಬಿಕೊಂಡರು. ಆ ಬಡಕಲು ತೋಳುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ. ಅವನು ಅಲ್ಲೇ ಕುಸಿದು ಅತ್ತುಬಿಟ್ಟ. ಆಮೇಲೆ, ಊರ ಮಕ್ಕಳಿಗೆಲ್ಲ ಹೇಳುತ್ತೀಯಲ್ಲ, ನಮ್ಮವ್ವನಿಗೂ ಒಂದಿಷ್ಟು ಹೇಳು ಎಂದ.

ಮಳೆ ಬಿಟ್ಟ ಒಂದು ಸಂಜೆ ಅವರ ಪಕ್ಕದಲ್ಲಿ ಹೋಗಿ ಕುಳಿತೆ. ಸ್ಲ್ಯಾಬ್ ಗಟ್ಟಿ ಇದೆ, ಕಬ್ಬಿಣ ಹಾಕಿ ಕಟ್ಟಿಸಿದ್ದು, ಬೀಳುವುದಿಲ್ಲ ಎಂದು ಸಮಾಧಾನ ಹೇಳಿದೆ. ಅವರು ಅದಲ್ಲ ಎಂದು ತಲೆಯಾಡಿಸಿದರು. ಅವರಿಗೆ ಇದ್ದದ್ದು ಆ ಹೆದರಿಕೆಯೇ ಅಲ್ಲ.

"ನಾ ಒಳಗ ಬರಂಗಿಲ್ಲವಾ. ಅದು ನನ್ನ ಹುಡುಕ್ಕೋಂತ ಬಂದೈತಿ. ನಾ ಒಳಗಿದ್ರ ನಿಮ್ಮ ಮ್ಯಾಲೂ ಮನಿ ಕೆಡವತೈತಿ."

ಅಂದರೆ ಆ ಮುದುಕಿ ಮಳೆಯಲ್ಲಿ ಕುಳಿತದ್ದು ತನ್ನ ಜೀವ ಉಳಿಸಿಕೊಳ್ಳಲಿಕ್ಕಲ್ಲ, ನಮ್ಮ ಜೀವ ಉಳಿಸಲಿಕ್ಕೆ. ಯಾಕೆ ಹಾಗೆ ಅನ್ನುತ್ತೀರಿ ಎಂದು ಕೇಳಿದೆ. ಆ ಮನೆಯಲ್ಲಿ ಯಾರೂ ಕೇಳದೇ ಉಳಿದ ಪ್ರಶ್ನೆ ಅದೇ ಇರಬೇಕು, ಯಾಕೆಂದರೆ ಅವರು ತಡೆಯದೆ ಹೇಳಿದರು.

ಮದುವೆಯ ಮರುವರ್ಷ ಮಗಳು ಪಂಚಮಿಗೆ ತವರಿಗೆ ಬಂದಿದ್ದಳು. ನಾಗರಪಂಚಮಿಯ ದಿನ ಈ ಕಡೆ ಯಾರೂ ನೆಲ ಅಗೆಯುವುದಿಲ್ಲ, ನೇಗಿಲು ಹೂಡುವುದಿಲ್ಲ, ಒಲೆಯ ಮೇಲೆ ಹಂಚು ಇಡುವುದಿಲ್ಲ. ಭೂಮಿ ಹೊತ್ತ ನಾಗಪ್ಪನಿಗೆ ನೋವಾಗುತ್ತದೆ ಎಂದು. ಹಬ್ಬದ ಹಿಂದಿನ ರಾತ್ರಿ ಮಳೆ ಹೊಡೆದು, ಮಗಳು ಮಲಗುವ ಮೂಲೆಯಲ್ಲಿ ಮಾಳಿಗೆ ಸೋರಿತು. ಆಗಿನ ಮಾಳಿಗೆಯೆಂದರೆ ಜಂತಿಯ ಮೇಲೆ ಹರವಿದ ಮಣ್ಣು. ಪ್ರತಿ ಮಳೆಗಾಲಕ್ಕೆ ಮೊದಲು ಸವಳು ಮಣ್ಣು ತಂದು ಹಳೆಯದರ ಮೇಲೆ ಹೊಸದನ್ನು ಹೊದಿಸಬೇಕು, ಇಲ್ಲದಿದ್ದರೆ ನೀರು ಇಳಿಯುತ್ತದೆ. ಆ ವರ್ಷ ಹೊದಿಸಿದ್ದು ಸಾಲಲಿಲ್ಲ. ಮಗಳು ಬೆಳಗಿನತನಕ ಗೋಡೆಗೆ ಒರಗಿ ಕುಳಿತೇ ಇದ್ದಳು. ಅದನ್ನು ನೋಡಲಾರದೆ ಅತ್ತೆ, ಹಬ್ಬದ ದಿನವೇ, ಎಲ್ಲರೂ ಹುತ್ತಕ್ಕೆ ಹಾಲೆರೆಯಲು ಹೋದಾಗ, ಗುದ್ದಲಿ ಬುಟ್ಟಿ ಹಿಡಿದು ಹೋಗಿ ಮಣ್ಣು ಅಗೆದು ತಂದು ಆ ಮೂಲೆಗೆ ಹಾಕಿದರು. ಆ ರಾತ್ರಿ ಮಗಳು ಬೆಚ್ಚಗೆ ಮಲಗಿದಳು. ಹಬ್ಬ ಮುಗಿಸಿಕೊಂಡು ಗಂಡನ ಊರಿಗೆ ಹೋದಳು.

ಅದೇ ವರ್ಷ ಗಣಪತಿ ಕಳಿಸಿದ ಮರು ಬೆಳಗಿನ ಜಾವ ಲಾತೂರ ಕಡೆಯ ನೆಲ ನಡುಗಿತು. ಮಾವ ಯಾವುದೋ ಲಾರಿ ಹತ್ತಿ ಹೋದರು, ಅಲ್ಲೇ ಎಲ್ಲ ಮುಗಿಸಿ ಬಂದರು. ಬಂದವರು ಹೆಂಡತಿಗೆ ಹೇಳಿದ್ದು ಇಷ್ಟೇ: ಅಲ್ಲಿನ ಮಾಳಿಗೆಯ ಮೇಲೆ ಬಹಳ ಮಣ್ಣಿತ್ತು.

"ಪಂಚಮಿ ದಿವ್ಸ ನೆಲಾ ಕಡದ್ನೆವಾ ನಾ," ಎಂದರು ಅತ್ತೆ. "ಆ ಮಣ್ಣ ಹೋಗಿ ಆಕಿ ಮ್ಯಾಲ ಬಿತ್ತು."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಬ್ಬ ತಾಯಿ ಮಗಳು ನೆನೆಯಬಾರದೆಂದು ಒಂದು ಬುಟ್ಟಿ ಮಣ್ಣು ಅಗೆದದ್ದಕ್ಕೆ ಇಷ್ಟು ವರ್ಷ ಶಿಕ್ಷೆ ಅನುಭವಿಸಿದ್ದಾಳೆ, ಶಿಕ್ಷೆ ಕೊಟ್ಟವಳೂ ಅವಳೇ. ಮಾವ ಹೋಗಿ ಎಷ್ಟೋ ಕಾಲವಾಗಿದೆ, ಅವರನ್ನು ಕೇಳುವಂತಿಲ್ಲ. ಕಲಿತದ್ದು ಇದಕ್ಕೂ ಉಪಯೋಗವಾಗದಿದ್ದರೆ ಮತ್ತೆ ಯಾತಕ್ಕೆ ಅನಿಸಿತು. ಮರುದಿನ ಶಾಲೆಯಿಂದ ಬಂದವಳೇ ಕೌದಿ ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಕಂಬದ ಪಕ್ಕ ಅವರ ಎದುರು ಕುಳಿತೆ.

ಮಕ್ಕಳಿಗೆ ಹೇಳುವುದಕ್ಕಿಂತ ನಿಧಾನವಾಗಿ ಹೇಳಿದೆ. ಈ ದೇಶದ ನೆಲವೆಲ್ಲ ಒಂದು ದೊಡ್ಡ ಹಾಸುಗಲ್ಲು, ಅದು ನಿಂತಲ್ಲಿ ನಿಂತಿಲ್ಲ, ವರ್ಷಕ್ಕೆ ಎರಡು ಮೂರು ಬೆರಳಿನಷ್ಟು ಉತ್ತರಕ್ಕೆ ಸರಿಯುತ್ತದೆ. ಅಲ್ಲಿ ಎದುರಿಗೆ ಇನ್ನೊಂದು ನೆಲ ಅಡ್ಡ ನಿಂತಿದೆ. ಅದಕ್ಕೇ ಕೇದಾರದ ಕಡೆಯ ಗುಡ್ಡಗಳು ಎದ್ದಿವೆ. ಕೌದಿಯನ್ನು ಕಂಬಕ್ಕೆ ಒತ್ತಿ ಮಡಿಕೆ ತೋರಿಸಿದೆ. ಹೀಗೆ ಒತ್ತಿದಾಗ ಅಂಚಿಗಷ್ಟೇ ಅಲ್ಲ, ನಡುವೆಯೂ ಜಗ್ಗುತ್ತದೆ. ಎಲ್ಲಿ ಹಳೆಯ ಹೊಲಿಗೆ ಸಡಿಲಿದೆಯೋ ಅಲ್ಲಿ ಒಂದು ದಿನ ಪರ್ ಎಂದು ಹರಿಯುತ್ತದೆ. ಲಾತೂರ ಕಡೆ ಆದದ್ದು ಅದೇ. ಮೇಲೆ ನಮ್ಮದೇ ಕರಿಕಲ್ಲು, ಅದರ ಅಡಿಯಲ್ಲಿ ಯಾವ ಕಾಲದ್ದೋ ಬಿರುಕು. ಮನುಷ್ಯರು ಹುಟ್ಟುವುದಕ್ಕೆ ಮೊದಲೇ ಇದ್ದ ಬಿರುಕು. ಕೊಂದದ್ದು ಆ ನಡುಕವೂ ಅಲ್ಲ, ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ವರ್ಷ ವರ್ಷ ಹೇರಿದ ಮಣ್ಣಿನ ಭಾರ. ಮಣ್ಣು ಹಾಕದ ಮಾಳಿಗೆ ಯಾವ ಊರಲ್ಲಿತ್ತು ಎಂದು ಅವರು ಮೆಲ್ಲಗೆ ಕೇಳಿದರು.

ಯಾರು ನೂಕುತ್ತಾರೆ ಎಂದು ಕೇಳಿದರು. ಯಾರೂ ಇಲ್ಲ, ಒಳಗಿನ ಕಾವು ಎಂದೆ. ಈಗಲೂ ನೂಕುತ್ತಿದೆಯೇ ಎಂದರು. ಹೌದು, ನಾವು ಮಾತಾಡುತ್ತಿರುವಾಗಲೂ ಎಂದೆ. ಅವರು ಕೌದಿಯ ಮಡಿಕೆಯ ಮೇಲೆ ಕೈಯಾಡಿಸಿದರು.

"ಗುಡ್ಡ ಏಳಾಕ ನನ್ನ ಮಗಳ ಯಾಕ ಬೇಕಾಗಿದ್ಲು?"

ನನಗೆ ಸೋಲಲು ಮನಸ್ಸಿರಲಿಲ್ಲ. ಅವರ ಕೆಮ್ಮು ಹೆಚ್ಚಿತ್ತು, ಪಡುವಣದಲ್ಲಿ ಮೋಡ ಕಟ್ಟಿತ್ತು, ಈ ಸಂಜೆ ಒಳಗೆ ಕರೆದುಕೊಂಡು ಹೋಗದಿದ್ದರೆ ಇನ್ನೊಂದು ಮಳೆಯನ್ನು ಆ ಎದೆ ತಡೆಯುವುದಿಲ್ಲ ಎಂದು ಕಾಣುತ್ತಿತ್ತು. ಅವರ ಎರಡೂ ಕೈ ಹಿಡಿದುಕೊಂಡೆ, ಕೆಂಡದ ಹಾಗೆ ಸುಡುತ್ತಿದ್ದವು.

"ಅತ್ತಿ, ನೀವು ಗುದ್ದಲಿ ಹಾಕಿದ್ದು ಭೂಮಿಗೆ ಗೊತ್ತೂ ಆಗಿಲ್ರಿ," ಎಂದೆ. "ಅದಕ್ಕ ನೀವು ಯಾರಂತನೂ ಗೊತ್ತಿಲ್ರಿ. ಅದು ನಿಮ್ಮನ್ನ ಹುಡುಕ್ಕೋಂತ ಬಂದಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಅಷ್ಟು ಹತ್ತಿರದಿಂದ ಅವರ ಕಣ್ಣನ್ನು ನಾನು ಎಂದೂ ನೋಡಿರಲಿಲ್ಲ.

"ಹಂಗಾದ್ರ ನಾ ಆ ದಿವ್ಸ ಗುದ್ದಲಿ ಮುಟ್ಟದಿದ್ರೂ ಆಕಿ ಸಾಯಾಕಿನ?"

"ಹೌದ್ರಿ ಅತ್ತಿ."

ಆ ಹೌದು ಎಂಬುದನ್ನು ನಾನು ಸಂತೋಷದಿಂದಲೇ ಹೇಳಿದೆ. ಎಷ್ಟೋ ವರ್ಷದ ಭಾರ ಇಳಿಯುತ್ತಿದೆ, ಇನ್ನು ಅವರು ಅತ್ತು ಹಗುರಾಗುತ್ತಾರೆ ಎಂದು ಕಾಯುತ್ತ ಕುಳಿತೆ. ಅವರು ಅಳಲಿಲ್ಲ. ನನ್ನ ಕೈಯಿಂದ ತಮ್ಮ ಕೈಗಳನ್ನು ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡರು.

"ಎಷ್ಟ ಸಲ ನಾ ಮನಸಿನ್ಯಾಗ ಆ ದಿವ್ಸಕ್ಕ ಹೊಳ್ಳಿ ಹೋಗೀನಿ," ಎಂದರು. "ಹೋಗಿ ಗುದ್ದಲಿ ಕೆಳಗಿಡತಿದ್ನಿ. ಸೋರ್ಲಿ ಬಿಡು, ಒಂದ್ ರಾತ್ರಿ ಕುಂತ್ರ ಏನ ಆಗೂದೈತಿ ಅಂತಿದ್ನಿ. ಹಂಗ ಅಂದಾಗೆಲ್ಲಾ ಆಕಿ ಬದುಕೇ ಇರತಿದ್ಲವಾ."

ಏನಾದರೂ ಹೇಳಬೇಕು, ಹೇಳಿದ್ದನ್ನು ವಾಪಸು ತೆಗೆದುಕೊಳ್ಳಬೇಕು ಅನಿಸಿತು, ಆದರೆ ನಿಜವನ್ನು ಹೇಗೆ ವಾಪಸು ತೆಗೆದುಕೊಳ್ಳುವುದು. ಮಳೆಯ ಮೊದಲ ಹನಿಗಳು ಬಿದ್ದವು. ಅತ್ತೆ ನೆಲಕ್ಕೆ ಕೈಯೂರಿ ಎದ್ದರು. ನಾನು ಹಿಡಿಯಲು ಹೋದರೆ ಬೇಡ ಎಂದು ಕೈಯಾಡಿಸಿದರು. ಗೋಣಿಚೀಲವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಅಂಗಳ ದಾಟಿದರು, ಮೆಟ್ಟಿಲು ಹತ್ತಿದರು, ಪಡಸಾಲೆಯಲ್ಲೂ ನಿಲ್ಲದೆ ಒಳಕೋಣೆಗೆ ಹೋದರು. ಪಡಸಾಲೆಯಲ್ಲಿದ್ದ ಗಂಡ ಎದ್ದು ನಿಂತು ನನ್ನ ಕಡೆ ನೋಡಿದ, ಹೇಗೆ ಸಾಧಿಸಿದೆ ಎಂಬಂತೆ. ಅವನ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಗೆಲುವಿತ್ತು.

ನಾನು ಬಾಗಿಲಲ್ಲಿ ನಿಂತು, ಹಾಸಿಗೆ ಬಾಗಿಲ ಹತ್ತಿರ ಎಳೆಯಲೇ ಅತ್ತಿ, ಗಾಳಿ ಬರುತ್ತದೆ ಎಂದು ಕೇಳಿದೆ. ಅವರು ಗೋಡೆಯ ಕಡೆಗೆ ಹೊರಳಿ ಮಲಗಿದ್ದರು.

"ಬಾಗಲಾ ಹಾಕ್ಕೋರಿ," ಎಂದರು. "ಇನ್ನ ಎಲ್ಲಿ ಮಲಗಿದ್ರೇನ."