ಇಳಿಸು ಎಂದ ಮೇಲಿನ ನಗು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ನಾಲ್ಕರ ಹೊತ್ತಿಗೆ ಗೋಕಾಕಕ್ಕೆ ಹೊರಡಬೇಕಿತ್ತು, ಅದಕ್ಕೇ ಗಡಿಯಾರ ನೋಡಿದ್ದೆ. ಇನ್ನೊಂದು ಹಾಡು ಹೇಳಿ ಸಾಮಾನು ಕಟ್ಟೋಣವೆಂದು ನಾನೂ ಕಾಕಾನೂ ಕಣ್ಣಲ್ಲೇ ಮಾತಾಡಿಕೊಂಡಿದ್ದೆವು. ಅದು ಮೂಡಲಗಿಯ ಒಂದು ಮದುವೆ ಮಂಟಪದ ಅಂಗಳ. ಅಕ್ಷತೆ ಬಿದ್ದು ಬಹಳ ಹೊತ್ತಾಗಿತ್ತು. ಊಟ ಮುಗಿಸಿದ ಜನ ಎಲೆ ಅಡಿಕೆ ಹಾಕಿಕೊಂಡು ಕುರ್ಚಿಗಳಲ್ಲಿ ಒರಗಿದ್ದರು.

ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ರಜೆಯಲ್ಲಿ, ಮದುವೆಯ ದಿನಗಳಲ್ಲಿ ಕಾಕಾನ ಜೊತೆ ಹಾಡಲು ಹೋಗುತ್ತೇನೆ. ಅವರು ನನಗೆ ಸಂಬಂಧಿಯಲ್ಲ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು, ಈಗ ಸ್ಪೀಕರು, ಮೈಕು ಬಾಡಿಗೆಗೆ ಕೊಡುತ್ತಾರೆ. ಊರೇ ಅವರನ್ನು ಕಾಕಾ ಎನ್ನುತ್ತದೆ. ಗಂಡಸರ ದನಿ ಅವರದು, ಹೆಂಗಸರದು ನನ್ನದು. ಸಂಗೀತ ಮಾತ್ರ ಪೆಟ್ಟಿಗೆಯಿಂದ ಬರುತ್ತದೆ.

"ಅಕ್ಕಾರ, ಚಕ್ಕಡಿ ಹಾಡ ಹೇಳ್ರಿ! ಅದ ಇಲ್ಲಂದ್ರ ಮದವಿ ಆದಂಗನ ಅಲ್ಲ!" ಎಂದು ವರನ ಗೆಳೆಯರು ಕೂಗಿದರು.

ಅದು ನನ್ನ ತಂದೆಯ ಕಾಲದ ಸಿನಿಮಾ ಹಾಡು. ಹುಡುಗ ಹುಡುಗಿಯನ್ನು ಚಕ್ಕಡಿಗೆ ಏರಿಸಿಕೊಂಡು ಎತ್ತು ಓಡಿಸುತ್ತಾನೆ, ಒಪ್ಪಿದೆ ಎನ್ನುವವರೆಗೆ ಇಳಿಸುವುದಿಲ್ಲ. ಅವಳು ಮೂರು ಸಲ "ಇಳಿಸು" ಎನ್ನುತ್ತಾಳೆ. ಮೂರನೆಯದರ ಬೆನ್ನಿಗೆ ಅವಳದೊಂದು ನಗು, ಆಮೇಲೆ ಕೊಳಲು. ಆ ನಗುವಿಗೇ ನಾನು ಹೆಸರುವಾಸಿ. ಎಂಟನೇ ಇಯತ್ತೆಯಲ್ಲಿದ್ದಾಗ ರೇಡಿಯೋದ ಮುಂದೆ ಕೂತು ಅದನ್ನು ಕಲಿತಿದ್ದೆ. ಮೊದಲು ಬೆದರಿದಂತೆ ಸಣ್ಣಗೆ ಶುರುವಾಗಿ, ನಡುವೆ ಒಡೆದು, ಕೊನೆಗೆ ಒಪ್ಪಿದಂತೆ ಮೆತ್ತಗಾಗುವ ನಗು. ಮದುವೆಗಳಲ್ಲಿ ಜನ ಅದಕ್ಕಾಗಿಯೇ ಕಾಯುತ್ತಿದ್ದರು.

ವಧುವಿನ ಸಾಮಾನು ಸಾಗಿಸಲು ಬಂದಿದ್ದ ಟ್ರ್ಯಾಕ್ಟರ್ ಅಂಗಳದಲ್ಲಿ ನಿಂತಿತ್ತು. ಟ್ರಾಲಿ ಬಿಚ್ಚಿದ್ದರು, ಎಂಜಿನ್ನಿಗೆ ಬಲೂನು ಕಟ್ಟಿದ್ದರು. ಹಾಡು ಶುರುವಾದದ್ದೇ ತಡ ವರನ ಗೆಳೆಯನೊಬ್ಬ ಅದನ್ನು ಚಾಲೂ ಮಾಡಿದ. ಇನ್ನಿಬ್ಬರು ವಧುವಿನ ತಂಗಿಯನ್ನು ಎರಡೂ ತೋಳು ಹಿಡಿದೆತ್ತಿ ದೊಡ್ಡ ಗಾಲಿಯ ಮೇಲಿನ ಮಡ್‌ಗಾರ್ಡಿನ ಮೇಲೆ ಕೂರಿಸಿಬಿಟ್ಟರು. ಅಂಗಳವೆಲ್ಲ ಕೇಕೆ. ಅವಳೂ ನಾಚಿ ನಕ್ಕಳು. ಮೊದಲ ಸುತ್ತು ನಕ್ಕಳು, ಇದನ್ನು ನಾನು ಮರೆಮಾಚುವುದಿಲ್ಲ.

ಎರಡನೇ ಸುತ್ತಿಗೆ ವೇಗ ಹೆಚ್ಚಿತು. ಟ್ರ್ಯಾಕ್ಟರ್ ಹೊರಳುವ ಮೂಲೆಯಲ್ಲೇ ನಮ್ಮ ವೇದಿಕೆ. ಅವಳು ನನ್ನಿಂದ ಎರಡು ಮಾರು ದೂರದಲ್ಲಿ ಹಾದುಹೋಗುತ್ತಿದ್ದಳು. "ಸಾಕ್ರಿ ಅಣ್ಣಾ, ಇಳಸ್ರಿ" ಎಂದಳು. ಆಮೇಲೆ ಮೂರು ಸಲ "ಇಳಸ್ರಿ" ಎಂದು ಒದರಿದಳು. ಅವಳ ಬೆರಳುಗಳು ಜಾರುವ ತಗಡಿನ ಅಂಚನ್ನು ಹಿಡಿದು ಬೆಳ್ಳಗಾಗಿದ್ದವು. ಕೇಳಿಸಲಿಲ್ಲ ಎಂದುಕೊಳ್ಳಲು ನನಗೆ ದಾರಿಯೇ ಇಲ್ಲ. ಕೇಳಿಸಿತು. ಮುಂದಿನ ಸಾಲಿನ ಹಿರಿಯರಿಗೂ ಕೇಳಿಸಿತು. ಆದರೆ ಹಾಡಿನಲ್ಲೂ ಹುಡುಗಿ ಹಾಗೇ ಅನ್ನುತ್ತಾಳಲ್ಲ, ಕೊನೆಗೆ ಎಲ್ಲ ಸುಖಾಂತವಾಗುತ್ತದಲ್ಲ! ನಾನು ಮೂರನೆಯ "ಇಳಿಸು" ಹೇಳಿ ನನ್ನ ನಗು ನಕ್ಕೆ.

ಅಷ್ಟರಲ್ಲಿ ಮುಂದಿನ ಗಾಲಿ ಚಪ್ಪರದ ಕಲ್ಲಿಗೆ ಬಡಿಯಿತು. ಹುಡುಗಿ ಹೊರಗೆ ಬಿದ್ದಳು. ಅವಳ ಹಳದಿ ದುಪಟ್ಟಾ ಹಿಂದಿನ ಗಾಲಿಗೆ ಸಿಕ್ಕಿತು, ಗಾಲಿ ಅದನ್ನು ಒಳಗೆಳೆದುಕೊಳ್ಳುತ್ತ ಅವಳ ತಲೆಯನ್ನು ತನ್ನತ್ತ ಎಳೆಯಿತು. ಟ್ರ್ಯಾಕ್ಟರ್ ನಿಂತಾಗ ಗಾಲಿಗೂ ಅವಳ ಕಿವಿಗೂ ಒಂದು ಗೇಣು ಅಂತರವಿತ್ತು. ಪೆಟ್ಟಿಗೆಯಿಂದ ಕೊಳಲು ಬರುತ್ತಲೇ ಇತ್ತು. ಅದನ್ನು ಬಂದ್ ಮಾಡಬೇಕೆಂದು ನನಗೂ ಹೊಳೆಯಲಿಲ್ಲ, ಕಾಕಾಗೂ ಹೊಳೆಯಲಿಲ್ಲ.

ನಮ್ಮ ಸಾಮಾನಿನ ಗಾಡಿಯಲ್ಲೇ ಅವಳನ್ನು ಗೋಕಾಕದ ಆಸ್ಪತ್ರೆಗೆ ತಂದೆವು. ಎಡಗೈ ಮಣಿಕಟ್ಟು ಮುರಿದಿತ್ತು, ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ದಾರಿಯಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಕೇಳಿದಳು: "ಅಕ್ಕಾರ, ನಾ ಒದರಿದ್ದು ಯಾರಿಗೂ ಕೇಳಿಸ್ಲಿಲ್ಲೇನ್ರಿ?"

ನಾನು ಅವಳ ಕೂದಲಿನ ಅಕ್ಷತೆ ಆರಿಸತೊಡಗಿದೆ.

ಅವಳ ಊರು ಹುಕ್ಕೇರಿ. ಗೋಕಾಕದ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಎಡ್. ಓದುತ್ತಿದ್ದಳು, ಪರೀಕ್ಷೆಗೆ ಇನ್ನು ಐದು ವಾರವಿತ್ತು. ಅಕ್ಕನ ಮದುವೆಯಾದ ನಾಲ್ಕನೇ ದಿನ ಅವಳ ಫೋನು ಬಂತು. ಯಾರೋ ತೆಗೆದ ವಿಡಿಯೋ ಊರೆಲ್ಲ ಹರಿದಾಡಿದೆ, ಬೀಗರು ಅದನ್ನು ತೋರಿಸಿ ಹುಡುಗಿ ನಗುತ್ತಲೇ ಕೂತಿದ್ದಳು ಎನ್ನುತ್ತಿದ್ದಾರೆ, ಹೆಸರು ಕೆಟ್ಟಿತೆಂದು ಅಪ್ಪ ಕಾಲೇಜು ಬಿಡಿಸುತ್ತಿದ್ದಾನೆ.

"ಪರೀಕ್ಷಾಕೂ ಬಿಡೂದಿಲ್ಲಂತ್ರಿ. ವಿಡಿಯೋದಾಗ ನಗೂದ ಕೇಳಸ್ತೈತಿ ಅಂತಾರ. ಇಳಸ್ರಿ ಅಂದದ್ದ ಕೇಳಸೂದಿಲ್ಲ."

ವಿಡಿಯೋ ತರಿಸಿಕೊಂಡು ನೋಡಿದೆ. ಹಿಂದಿನಿಂದ ತೆಗೆದದ್ದು, ಹುಡುಗಿಯ ಮುಖ ಕಾಣುವುದಿಲ್ಲ. ಎರಡನೇ ಸುತ್ತಿನ ನಡುವೆ ಶುರುವಾಗಿ ಬೀಳುವ ಮೊದಲೇ ಮುಗಿಯುತ್ತದೆ. ಸ್ಪೀಕರಿನ ಆರ್ಭಟದಲ್ಲಿ ಅವಳ ದನಿ ಇಲ್ಲವೇ ಇಲ್ಲ. ಕೊನೆಯಲ್ಲಿ ಒಂದು ಹೆಣ್ಣು ನಗು ಮಾತ್ರ ಸ್ಪಷ್ಟವಾಗಿದೆ. ನಾನು ಎಂಟನೇ ಇಯತ್ತೆಯಲ್ಲಿ ಕಲಿತ ನಗು.

ಅಂದಿನಿಂದ ನಿದ್ದೆ ತುಂಡಾಯಿತು. ಕಣ್ಣು ಮುಚ್ಚಿದರೆ ಗಾಲಿಯ ಹಲ್ಲುಗಳಲ್ಲಿ ಹಳದಿ ಬಟ್ಟೆ ಸುತ್ತುತ್ತಿತ್ತು. ಹಗಲು ಪಾಠ ಮಾಡುವಾಗ ಶಾಲೆಯ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹಾದರೆ ಕೈ ತಾನಾಗಿ ಮೇಜಿನ ಅಂಚು ಹಿಡಿಯುತ್ತಿತ್ತು. ಮಕ್ಕಳು ಮುಖ ಮುಖ ನೋಡುತ್ತಿದ್ದರು. ಆ ಒಂದು ಗೇಣನ್ನು ಮನಸ್ಸು ಪ್ರತಿ ಸಲ ಅಳೆಯುತ್ತಿತ್ತು, ಪ್ರತಿ ಸಲ ಅದು ಸ್ವಲ್ಪ ಕಡಿಮೆಯಾಗುತ್ತಿತ್ತು.

ಕಾಕಾನ ಅಂಗಡಿಗೆ ಹೋಗಿ ಹೇಳಿದೆ: "ಇನ್ನ ಆ ಹಾಡ ನಾ ಹೇಳೂದಿಲ್ಲ."

ಕಾಕಾ ವಯರು ಸುತ್ತುತ್ತ ಕೂತಿದ್ದರು. "ಹಾಡು ಟ್ರ್ಯಾಕ್ಟರ್ ಹೊಡದಿಲ್ಲವಾ. ಹೊಡದಾವ ಮಂಗ್ಯಾ. ಐವತ್ತ ವರ್ಷದ ಹಿಂದಿನ ಹಾಡಿಗೆ ಇವತ್ತಿನ ಕಾಯ್ದೆ ಹಚ್ಚಿದ್ರ ಹೆಂಗ? ಆ ಜನ ಭೋಳೆ ಇದ್ರು. ಅವ್ರಿಗೆ ಗೊತ್ತಿತ್ತೇನ ಇದೆಲ್ಲಾ?"

"ಹಾಡು ಹೊಡದಿಲ್ಲ, ಖರೆ. ಆದ್ರ ಅಂಗಳ ತುಂಬ ಹಿರಿಯರಿದ್ರಲ್ಲ ಕಾಕಾ, ಒಬ್ಬರರ ಎದ್ದು ನಿಲ್ಸೋ ಅಂದ್ರೇನು? ನಾ ಅಂದ್ನೇನು? ಹುಡುಗಿ ಬ್ಯಾಡ ಅಂದ್ರ ಹೌದು ಅಂತ ತಿಳ್ಕೋಬೇಕು ಅಂತ ನಮ್ಗೆಲ್ಲಾ ಯಾರ ಕಲಿಸಿದ್ರು?"

"ಹಂಗ ನೋಡಿದ್ರ ನಮ್ಮ ವಹಿಯಾಗ ಒಂದ ಹಾಡೂ ಉಳಿಯೂದಿಲ್ಲ. ಭಜನಿ ಪದಾ ಹೇಳ್ಕೊಂತ ಕುಂಡ್ರೂಣು."

"ಅವನ್ನೂ ಒಮ್ಮಿ ನೋಡೂಣು ತಡೀರಿ."

ಕಾಕಾ ನಗಲಿಲ್ಲ. ಅವರ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ, ಅದೇ ನನ್ನನ್ನು ಕಾಡುತ್ತಿತ್ತು. ಸತ್ತು ಮಣ್ಣಾದ ಕವಿಯನ್ನು ಎಬ್ಬಿಸಿ ಇವತ್ತಿನ ಪ್ರಶ್ನೆ ಕೇಳುವುದು ಸುಲಭ, ಆತ ಉತ್ತರ ಕೊಡಲಾರ. ಆ ಹಾಡಿನ ರಾಗ ನನಗೆ ಈಗಲೂ ಇಷ್ಟ. ನನ್ನ ತಂದೆ ಸೈಕಲ್ ಒರೆಸುತ್ತ ಗುನುಗುತ್ತಿದ್ದ ರಾಗವದು, ಮತ್ತು ತಂದೆ ಒಂದು ಹೆಣ್ಣಿಗೂ ದನಿ ಎತ್ತರಿಸಿದವರಲ್ಲ. ಆದರೂ ಹುಕ್ಕೇರಿಯ ಮನೆಯೊಂದರಲ್ಲಿ ನನ್ನ ನಗು ಒಬ್ಬಳ ಪುಸ್ತಕ ಮುಚ್ಚಿಸುತ್ತಿತ್ತು. ಆ ಭಾನುವಾರ ಬೀಗರು ಮಾತುಕತೆಗೆ ಬರುತ್ತಾರೆಂದು ಹುಡುಗಿ ತಿಳಿಸಿದ್ದಳು. ಹೋಗುವುದೆಂದು ನಿಶ್ಚಯಿಸಿದೆ. ಕಾಕಾ ಬರುವುದಿಲ್ಲ ಎಂದವರು ಬಸ್ ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ನಿಂತಿದ್ದರು.

ಹುಕ್ಕೇರಿಯ ಆ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಒಂದು ಕಡೆ ವರನ ಸೋದರಮಾವ ಮತ್ತು ಅವರ ಜೊತೆಗೆ ಬಂದ ಇಬ್ಬರು ಹಿರಿಯರು, ಇನ್ನೊಂದು ಕಡೆ ಹುಡುಗಿಯ ತಂದೆ. ಗೋಡೆಗೆ ಒರಗಿ ಅವಳ ಅಜ್ಜಿ. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಪ್ಲಾಸ್ಟರಿನ ಕೈ ಹಿಡಿದು ನಿಂತಿದ್ದಳು.

ಸೋದರಮಾವ ಒರಟರಲ್ಲ, ಮೆತ್ತಗೆ ಮಾತಾಡುವವರು. "ಚ್ಯಾಷ್ಟಿ ಮಾಡಾಕ ಹೋಗಿ ಹಿಂಗಾತು. ಹುಡುಗೂರಂತೂ ತಪ್ಪ ಮಾಡ್ಯಾರ, ಇಲ್ಲನ್ನೂದಿಲ್ಲ. ಆದ್ರ ಹುಡುಗೀನೂ ನಕ್ಕೊಂತ ಕುಂತಿದ್ಲು. ಕೇಳ್ರಿ ಬೇಕಾದ್ರ," ಎಂದು ಫೋನು ಹಚ್ಚಿದರು. ಪಡಸಾಲೆಯಲ್ಲಿ ಆ ನಗು ಕೇಳಿಸಿತು. ಹುಡುಗಿಯ ತಂದೆ ತಲೆ ತಗ್ಗಿಸಿದರು. ಸೋದರಮಾವ ಮುಂದುವರಿಸಿದರು: "ಹಳೇ ಹಾಡು, ಎಲ್ಲಾರ ಮದವ್ಯಾಗೂ ಹಾಡೂದ. ನಮ್ಮ ಹಿರಿಯರು ಇದನ್ನ ಕೇಳಿ ಖುಷಿ ಪಟ್ಟಾರ. ಆವಾಗಿಲ್ಲದ ತಪ್ಪು ಈಗೆಲ್ಲಿಂದ ಬಂತು?"

"ಯಾವ ಹಿರಿಯರು?" ಎಂದಳು ಅಜ್ಜಿ.

ಎಲ್ಲರೂ ಅತ್ತ ತಿರುಗಿದರು.

"ಕೇಳಾಕತ್ತೇನಲ್ಲಾ, ಯಾವ ಹಿರಿಯರು? ನನ್ನ ಯಾರೂ ಕೇಳ್ಲಿಲ್ಲಪಾ. ಟೆಂಟ ಸಿನಿಮಾದಾಗ ಆ ಹಾಡ ಬಂದ್ರ ಗಂಡಸರ ಬಾಜೂಕ ಸೀಟಿ ಹೊಡದದ್ದ ಹೊಡದದ್ದು. ನಾವು ಹೆಂಗಸರು ಸೆರಗ ಬಾಯಿಗೆ ಹಿಡಕೊಂಡು ಕುಂಡ್ರತಿದ್ವಿ. ನಗಾಕತ್ತಾರ ಅಂತ ನೀವು ತಿಳ್ಕೊಂಡ್ರಿ. ನಮ್ಮ ಓಣ್ಯಾಗ ಒಬ್ಬಾಕಿನ್ನ ಹಂಗ ಗಾಡಿ ಏರಿಸ್ಕೊಂಡ ಹೋದ್ರು. ಆಕಿ ಮತ್ತ ತವರಿನ ಹೊಸ್ತಲಾ ತುಳೀಲಿಲ್ಲ. ಆವಾಗೂ ನಮಗ ಅದು ಹಿಡಿಸಿದ್ದಿಲ್ಲ."

ಕಾಕಾ ನನ್ನ ಪಕ್ಕದಲ್ಲಿ ಕೂತಿದ್ದರು. ಅವರ ಕೈ ಚಾಪೆಯ ಎಳೆ ಕೀಳುವುದನ್ನು ನಿಲ್ಲಿಸಿತು. ಹಳೆಯ ಹಾಡನ್ನು ಹೊಸ ಕಣ್ಣಿನಿಂದ ನೋಡುವುದು ನ್ಯಾಯವೇ ಎಂದು ನಾವಿಬ್ಬರೂ ಅಂಗಡಿಯಲ್ಲಿ ಜಗಳಾಡಿದ್ದೆವು. ಆ ಹಾಡು ಹೊಸದಾಗಿದ್ದಾಗಲೇ ಅದನ್ನು ನೋಡಿ ತೂಗಿದ ಕಣ್ಣುಗಳಿದ್ದವು, ಅವು ಟೆಂಟಿನ ಹೆಂಗಸರ ಸಾಲಿನಲ್ಲಿದ್ದವು. ಅವರ ತೀರ್ಪನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ನಾನು ಎದ್ದು ನಿಂತೆ. "ಆ ನಗು ಹುಡುಗೀದಲ್ರಿ. ನಂದು. ಮೈಕಿನ್ಯಾಗ ನಾ ನಕ್ಕದ್ದು."

"ಹೆಂಗ ಹೇಳ್ತೀರಿ ಅಕ್ಕಾರ? ಹೆಂಗಸರ ನಗು ಎಲ್ಲಾ ಒಂದ ನಮೂನಿ ಇರ್ತೈತಿ," ಎಂದರು ಜೊತೆಗೆ ಬಂದ ಹಿರಿಯರೊಬ್ಬರು. ಇನ್ನೊಬ್ಬರು ಮೀಸೆಯಲ್ಲೇ ನಕ್ಕರು.

ಆಗ ನಾನು ನಕ್ಕು ತೋರಿಸಿದೆ. ಗಾಯದ ಹುಡುಗಿ ಬಾಗಿಲಲ್ಲಿ ನಿಂತಿದ್ದ ಆ ಮನೆಯಲ್ಲಿ, ಬೆದರಿ, ಒಡೆದು, ಒಪ್ಪಿ ಮೆತ್ತಗಾಗುವ ಆ ನಗುವನ್ನು ಮೊದಲಿನಿಂದ ಕೊನೆಯವರೆಗೆ ನಕ್ಕೆ. ಅಷ್ಟು ಕಷ್ಟದ ಹಾಡುಗಾರಿಕೆಯನ್ನು ನಾನು ಯಾವ ವೇದಿಕೆಯ ಮೇಲೂ ಮಾಡಿಲ್ಲ. ಕಾಕಾ ಮಾವನ ಕೈಯಿಂದ ಫೋನು ತೆಗೆದುಕೊಂಡು ವಿಡಿಯೋ ಇನ್ನೊಮ್ಮೆ ಹಚ್ಚಿದರು. ಅದೇ ನಗು, ಒಂದು ಎಳೆಯೂ ಬದಲಿಲ್ಲದೆ.

ಮೀಸೆಯಲ್ಲಿ ನಕ್ಕಿದ್ದವರು ಅಂಗಳದ ಕಡೆ ನೋಡತೊಡಗಿದರು.

ತಂದೆ ನನ್ನನ್ನು ಕೇಳಿದರು: "ನನ್ನ ಮಗಳು ಏನಂದ್ಲು?"

"ಇಳಸ್ರಿ ಅಂದ್ಲು. ನಾಕು ಸಲ."

"ನಿಮಗ ಕೇಳಸ್ತು?"

"ಕೇಳಸ್ತರಿ. ಕೇಳಿನೂ ಹಾಡಿದೆ. ತಪ್ಪಾತು." ಇದನ್ನು ಹೇಳುವಾಗ ತಂದೆಯನ್ನಲ್ಲ, ಹುಡುಗಿಯನ್ನು ನೋಡುತ್ತಿದ್ದೆ.

ಅವಳು ಅಳಲಿಲ್ಲ. ಸೋದರಮಾವ, ಟ್ರ್ಯಾಕ್ಟರ್ ಹೊಡೆದವನನ್ನು ಕರೆತಂದು ಕಾಲಿಗೆ ಬೀಳಿಸುತ್ತೇನೆಂದಾಗ ಮಾತ್ರ ಬಾಗಿಲಿನಿಂದಲೇ ಅಂದಳು: "ಅವರು ಬೀಳೂದ ಬ್ಯಾಡ್ರಿ ಮಾಮಾ. ಆ ವಿಡಿಯೋ ಇಟ್ಕೊಂಡವರೆಲ್ಲಾ ತಗೀಲಿ. ಆ ನಗು ಹುಡುಗೀದಲ್ಲ, ಆಕಿ ಇಳಸ್ರಿ ಅಂದ್ಲು ಅಂತ ನೀವ ನಿಮ್ಮ ಬಾಯಿಲೆ ಊರಾಗ ಹೇಳ್ರಿ."

ಮಾವ "ಆತು ತಂಗಿ" ಎಂದರು. ತಂದೆ ಮಗಳ ಕಡೆ ತಿರುಗದೆ, ಕಂಬಕ್ಕೆ ಹೇಳುವಂತೆ ಕೇಳಿದರು: "ಪರೀಕ್ಷಾ ಯಾವಾಗಿಂದ?"

ಬರುವಾಗ ಬಸ್ಸು ಘಟಪ್ರಭಾ ದಾಟಿತು. ಕಾಕಾ ನನ್ನತ್ತ ತಿರುಗಿ, "ವಹಿ ತಗೊಂಡ ನಾಳೆ ಅಂಗಡಿಗಿ ಬಾ" ಎಂದರು.

ಹಾಡಿನ ವಹಿಯನ್ನು ಮೊದಲ ಪುಟದಿಂದ ಓದಿದೆವು. ಹಳೆಯದೆಂದು ಯಾವುದನ್ನೂ ತೆಗೆಯಲಿಲ್ಲ, ಹಳೆಯದೆಂದು ಯಾವುದನ್ನೂ ಉಳಿಸಲೂ ಇಲ್ಲ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಮೂದಲಿಸುವ ಹಾಡು ಉಳಿಯಿತು, ಅದರಲ್ಲಿ ಇಬ್ಬರಿಗೂ ಬಾಯಿದೆ. ಕಪ್ಪು ಹುಡುಗಿಯನ್ನು ನಗೆಪಾಟಲು ಮಾಡುವುದು ಹೋಯಿತು. ಹಾಗೆ ನೋಡಿದರೆ ಹೋದವುಗಳಲ್ಲಿ ಮೂರು ನಾಲ್ಕು ಹೋದ ವರ್ಷ ಬಂದ ಹಾಡುಗಳು. ಕಾಕಾಗೆ ಬಹಳ ಪ್ರೀತಿಯ ಒಂದು ಹಾಡಿಗೆ ಇಬ್ಬರೂ ಜಗಳಾಡಿದೆವು. ಅದಿನ್ನೂ ತೀರ್ಮಾನವಾಗಿಲ್ಲ, ಪುಟದ ಮೂಲೆ ಮಡಚಿಟ್ಟಿದ್ದೇವೆ.

ಮುಂದಿನ ಮದುವೆ ಸಂಕೇಶ್ವರದಲ್ಲಿ. ಊಟವಾದ ಮೇಲೆ ಎಂದಿನಂತೆ ಚಕ್ಕಡಿ ಹಾಡಿಗೆ ಕೂಗು ಬಂತು. "ಆ ಹಾಡ ನಾ ಬಿಟ್ಟೇನ್ರಿ. ಅದನ್ನ ಹಾಡಾಕತ್ತಾಗ ನನ್ನ ಕಣ್ಣಮುಂದ ಒಂದ ಹುಡುಗಿ ಗಾಲಿ ಬುಡಕ ಹೋಗ್ತಿದ್ಲು," ಎಂದು ಮೈಕಿನಲ್ಲೇ ಹೇಳಿದೆ.

"ಅಕ್ಕಾರ, ಮದವಿಗೆ ಬಂದೀರೋ ಭಾಷಣಾ ಮಾಡಾಕ ಬಂದೀರೋ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಕೆಲವರು ನಕ್ಕರು.

ಕಾಕಾ ತಮ್ಮ ಮೈಕು ಎತ್ತಿಕೊಂಡರು. "ಭಾಷಣಾ ನಾನೂ ಮಾಡ್ತೇನೋ ತಮ್ಮಾ, ಕೇಳ್ತಿಯೇನು? ಇಲ್ಲಂದ್ರ ಬ್ಯಾರೆ ಹಾಡ ಹೇಳ್ತೇವಿ, ಕೈ ಚಪ್ಪಾಳಿಗೆ ಇರ್ಲಿ."

ಬೇರೆ ಹಾಡು ಹೇಳಿದೆವು. ಚಪ್ಪಾಳೆ ಕಡಿಮೆ ಬಿತ್ತು. ಆಮೇಲೆ ಎರಡು ಮನೆಯವರು ಬೇರೆ ತಂಡ ಗೊತ್ತುಮಾಡಿಕೊಂಡರೆಂದು ಕೇಳಿದೆ. ಕೇಳಿ ಬೇಸರವಾಯಿತು, ನಿರ್ಧಾರವೇನೂ ಬದಲಾಗಲಿಲ್ಲ.

ಹುಡುಗಿಯ ಪರೀಕ್ಷೆ ಒಂದು ಸೋಮವಾರ ಶುರುವಾಯಿತು. ಅವಳ ತಂದೆಯೇ ಹಿಂದಿನ ದಿನ ಅವಳನ್ನು ಹಾಸ್ಟೆಲ್ಲಿಗೆ ಬಿಟ್ಟು ಹೋಗಿದ್ದರು. ಶಾಲೆ ಬಿಟ್ಟವಳೇ ಅವಳ ಕಾಲೇಜಿನ ಗೇಟಿನಲ್ಲಿ ಹೋಗಿ ನಿಂತೆ. ಗೆಳತಿಯರ ಗುಂಪಿನಲ್ಲಿ, ಪ್ಲಾಸ್ಟರ್ ಬಿಚ್ಚಿದ, ಬೆಳ್ಳಗೆ ಸೊರಗಿದ ಎಡಗೈಯಲ್ಲಿ ಪ್ಯಾಡ್ ಹಿಡಿದು ಬಂದಳು. ಕೊನೆಯ ಪ್ರಶ್ನೆ ಪೂರ್ತಿ ಬರೆಯಲಾಗಲಿಲ್ಲವೆಂದು ಗೊಣಗಿದಳು, ಪೇಪರು ತೆಗೆದವರನ್ನು ಬೈದಳು. "ಹಸಿವ್ಯಾಗೈತ್ರಿ ಅಕ್ಕಾರ, ಮಿರ್ಚಿ ತಿನ್ನೂಣು ಬರ್ರಿ," ಎಂದು ನನ್ನನ್ನೇ ಎಳೆದುಕೊಂಡು ನಡೆದಳು.

ಆ ಸೋಮವಾರ ರಾತ್ರಿ ಮಲಗಿದ ನನಗೆ ನಡುವೆ ಒಮ್ಮೆಯೂ ಎಚ್ಚರವಾಗಲಿಲ್ಲ. ಬೆಳಿಗ್ಗೆ ಅವ್ವ ಬಾಗಿಲು ಬಡಿದು, "ಸಾಲಿಗಿ ಸೂಟಿ ಐತೇನ ಇವತ್ತ? ಏಳೂವರಿ ಆತು," ಎಂದು ಕೂಗಿದಾಗ ಬಿಸಿಲು ಹಾಸಿಗೆಯ ಮೇಲಿತ್ತು.