ಎಂಟನೇ ಪ್ರಶ್ನೆಗೆ ಬಂದ ಉತ್ತರ

ಬೆಳಗಿನ ಆರು ಗಂಟೆ. ಚಾಟ್ಸ್‌ವರ್ತ್ ಬಡಾವಣೆಯ ಒಂದು ಗೋದಾಮಿನಲ್ಲಿ ಅರಾಕ್ಸಿ ತುತುಂಜಿಯನ್ ಬಿಳಿ ಗೋಡೆಯ ಮುಂದೆ ಒಂದು ಕುರ್ಚಿ ಇಡುತ್ತಾರೆ, ಅದರ ಎದುರಿಗೆ ಸಣ್ಣ ಕ್ಯಾಮೆರಾ. ವಯಸ್ಕರ ಚಿತ್ರದ ಚಿತ್ರೀಕರಣಕ್ಕೆ ಮೊದಲು ನಟನಟಿಯರು ಇಲ್ಲಿ ಕೂತು, ಗುರುತಿನ ಚೀಟಿ ತೋರಿಸಿ, ಇಪ್ಪತ್ತೆರಡು ಪ್ರಶ್ನೆಗಳಿಗೆ ಉತ್ತರಿಸಬೇಕು. ಕುಡಿದಿದ್ದೀರಾ? ಏನೇನು ಬೇಡ? ಒತ್ತಾಯ ಉಂಟೇ? ಉತ್ತರ ಒಪ್ಪಿಗೆಯಾದರೆ ಅರಾಕ್ಸಿ ಸಹಿ ಹಾಕುತ್ತಾರೆ. ಸಹಿಯಿಲ್ಲದೆ ಇಲ್ಲಿ ಒಂದು ದೀಪವೂ ಉರಿಯುವುದಿಲ್ಲ.

ಐವತ್ತೆಂಟರ ಈಕೆಗೆ ಇನ್ನೊಂದು ಕೆಲಸವಿದೆ: ಆ ಚಿತ್ರಗಳಿಗೆ ಮಾತು ಬರೆಯುವುದು. ಹತ್ತೊಂಬತ್ತು ವರ್ಷ, ವಾರಕ್ಕೆ ಮೂರು ಕಥೆ, ಪರದೆಯ ಮೇಲೆ ಒಮ್ಮೆಯೂ ಹೆಸರಿಲ್ಲ. "ಈಗ ಎಲ್ಲರಿಗೂ ಮಾಡಬಾರದ್ದೇ ಬೇಕು," ಎನ್ನುತ್ತಾರೆ, ವರದಿ ಬರೆಯಲು ಬಂದಿರುವ ನನಗೆ. "ಪಾದ್ರಿ, ಡಾಕ್ಟ್ರು, ಗಂಡನ ಅಣ್ಣ. ಬಲವಂತ ತೋರಿಸೋ ಹಾಗಿಲ್ಲ. ಅದಕ್ಕೇ ಬೆಣ್ಣೆಮಾತಲ್ಲಿ ಬಗ್ಗಿಸೋದು ಬರೀತೀನಿ. ಅದು ನಂಗೆ ಚೆನ್ನಾಗಿ ಬರುತ್ತೆ. ಹನ್ನೊಂದು ವರ್ಷ ಗಂಡನ ಬಾಯಲ್ಲಿ ಕೇಳಿಸ್ಕೊಂಡಿದೀನಲ್ಲ."

ಇವತ್ತಿನ ಕಥೆಯಲ್ಲಿ ಒಬ್ಬ ಆಪ್ತಸಲಹೆಗಾರ, ಅವನ ಬಳಿ ಬರುವ ವಿಧವೆ. ಅವನು ಮೊದಲು ಅವಳ ಅಕ್ಕನನ್ನು ದೂರ ಮಾಡುತ್ತಾನೆ, ಆಮೇಲೆ ಗೆಳತಿಯರನ್ನು. ವಿಧವೆಯ ಪಾತ್ರಕ್ಕೆ ಮೂವತ್ಮೂರರ ಬ್ರಯೊನಿ. ಅರ್ಧ ಡೋನಟ್ ಬಾಯಲ್ಲಿಟ್ಟುಕೊಂಡೇ ಕುರ್ಚಿಗೆ ಬರುತ್ತಾಳೆ.

ಎಂಟನೇ ಪ್ರಶ್ನೆ. "ಇಲ್ಲಿಗೆ ಬರೋಕೆ ಯಾರಾದ್ರೂ ಒತ್ತಾಯ ಮಾಡಿದ್ರಾ?"

"ಇಲ್ಲಪ್ಪ. ಅವನಿಗೆ ನನ್ನ ಒಳ್ಳೇದೇ ಬೇಕು. ನಂಗೇನು ಬೇಕು ಅಂತ ನಂಗಿಂತ ಚೆನ್ನಾಗಿ ಬಲ್ಲೋನು ಅವನು."

ಅರಾಕ್ಸಿಯ ಪೆನ್ನು ನಿಲ್ಲುತ್ತದೆ. "ಅವನು ಅಂದ್ರೆ?"

"ಕೋಡಿ. ನನ್ನ ಮ್ಯಾನೇಜರ್. ಅಂದ್ರೆ, ಜೊತೇಲಿರೋನು. ಎರಡೂ."

"ಆ ಮಾತು ವಿಧವೆಗೆ ನಾನು ಬರೆದಿದ್ದು ಕಣೇ. ನಾಲ್ಕನೇ ಪುಟ."

"ಹೌದಾ?" ಬ್ರಯೊನಿ ನಗುತ್ತಾಳೆ. "ವಾರ ಪೂರ್ತಿ ಬಾಯಿಪಾಠ ಮಾಡಿದ್ನಲ್ಲ, ಬಂದಿರ್ಬೇಕು."

"ಹಾಗಾದ್ರೆ ನಿನ್ನ ಮಾತಲ್ಲಿ ಹೇಳು."

ಬ್ರಯೊನಿ ಬೆರಳಿಗಂಟಿದ ಸಕ್ಕರೆ ನೆಕ್ಕುತ್ತಾಳೆ. ಕ್ಯಾಮೆರಾ ಓಡುತ್ತಲೇ ಇದೆ. "ಅದೇ ಬರ್ತಿದೆ, ಅರಾಕ್ಸಿ."

ಬರೀ ಬಾಯಿಪಾಠವೋ, ನಿಜವೋ? ಪಾತ್ರ ಇವಳ ಬಾಯಿಗೆ ಬಂತೋ, ಇವಳ ಬದುಕೇ ಮೊದಲಿನಿಂದ ಆ ಪಾತ್ರದಂತಿತ್ತೋ? ಗಂಡನ ಮಾತನ್ನು ಇಷ್ಟು ವರ್ಷ ಹಂಚಿದ ಕೈಗೆ ಈಗ ಅದರ ಮೂಲ ಯಾವುದೆಂದು ತಿಳಿಯುವುದಿಲ್ಲ.

ನಿರ್ದೇಶಕ ಡ್ವೇನ್ ಬಾಗಿಲಲ್ಲಿ ತಲೆ ತೂರಿಸುತ್ತಾನೆ. "ಏನ್ ಮೇಡಂ, ಬರೆಯೋರೂ ನೀವೇ, ಬೆಚ್ಚಿಬೀಳೋರೂ ನೀವೇನಾ?"

"ನಾನು ಸಹಿ ಹಾಕಲ್ಲ."

"ಹನ್ನೆರಡು ಜನ ಕಾಯ್ತಿದಾರೆ. ಇವತ್ತು ನಿಂತ್ರೆ ನಾಳೆಯಿಂದ ಪ್ರಶ್ನೆ ಕೇಳೋಕೆ ಬೇರೆಯೋರು ಬರ್ತಾರೆ, ನೋಡ್ಕೊಳ್ಳಿ."

"ಬರಲಿ. ಅವರೂ ಎಂಟನೇದು ಕೇಳ್ತಾರಲ್ಲ."

ಆದರೆ ಸಿಡಿಯುವುದು ಬ್ರಯೊನಿ. "ನಾನು ಚಿಕ್ಕ ಮಗೂನಾ? ನಂಗೇನು ಬೇಕು ಅಂತ ಈಗ ನಂಗಿಂತ ಚೆನ್ನಾಗಿ ನಿಮಗೆ ಗೊತ್ತಾಯ್ತಾ?"

ಅದೇ ವಾಕ್ಯ, ಈ ಸಲ ಅರಾಕ್ಸಿಯ ಕಡೆಗೇ ತಿರುಗಿದೆ. ಆದರೂ ಸಹಿ ಹಾಕದ ಕಾಗದವನ್ನು ಮಡಿಸಿ ಜೇಬಿಗಿಡುತ್ತಾರೆ. ಡ್ವೇನ್ ಶಪಿಸುತ್ತ ಎಲ್ಲರನ್ನೂ ಮನೆಗೆ ಕಳಿಸುತ್ತಾನೆ.

ಬ್ರಯೊನಿ ಕಾರಿನ ಬಾಗಿಲು ಬಡಿಯುವ ಮುಂಚೆ ಕೂಗುತ್ತಾಳೆ: "ಹಾಳು ಮುದಿ ಗೂಬೆ! ಹೋಗಿ ನಿನ್ನ ಕಾಗದಾನೇ ಹುರ್ಕೊಂಡು ತಿನ್ನು!"

ಮಾಡಿದ್ದು ಸರಿಯೇ ಎಂದು ಕೇಳುತ್ತೇನೆ. "ಗೊತ್ತಿಲ್ಲ," ಎನ್ನುತ್ತಾರೆ ಅರಾಕ್ಸಿ. ಕಾರು ತಿರುವು ದಾಟುವವರೆಗೂ ನೋಡುತ್ತಾರೆ.

"ಆದ್ರೆ ಈಗ ಬೈದ್ಲಲ್ಲ, ಅದನ್ನ ನಾನು ಬರೆದಿರಲಿಲ್ಲ."